ನಾನೇ ಮಾಡಿದ್ದು ಅನ್ನೋ ಸುಳ್ಳು

ಸಂಕ್ರಾಂತಿ ದಿನ ಒಂದು ವಿಡಿಯೋ ಹಾಕಿದ್ದೆ. ದುಂಡನೆಯ ಟೇಬಲ್, ಎರಡು ಅಡಿ ಅಗಲ, ಮೇಲೆ ಗಾಜು. ಗಾಜಿನ ಕೆಳಗೆ ಬಿಳಿ ರಂಗೋಲಿ ಪುಡಿ. ಆ ಪುಡಿಯ ಮೇಲೆ ಒಂದು ಉಕ್ಕಿನ ಗುಂಡು ಯಾರೂ ಮುಟ್ಟದೆ ತಾನೇ ಉರುಳುತ್ತಾ ಗೆರೆ ಎಳೆಯುತ್ತೆ. ಹೂವು ಬರೆಯುತ್ತೆ, ಅದನ್ನ ಅಳಿಸ್ತಾ ಅದರ ಮೇಲೇ ನಕ್ಷತ್ರ ಬರೆಯುತ್ತೆ. ವಿಡಿಯೋ ಕೆಳಗೆ ಒಂದೇ ಸಾಲು ಬರೆದಿದ್ದೆ: 'ಮನೆಯಲ್ಲೇ ನಾನೇ ಮಾಡಿದ್ದು, ಒಟ್ಟು ಖರ್ಚು 9,400 ರೂಪಾಯಿ.'

ಆಫೀಸಿನ ಗುಂಪಲ್ಲಿ ಚಪ್ಪಾಳೆಯೋ ಚಪ್ಪಾಳೆ. 'ಗುರೂ, ನೀನು ನಿಜವಾದ ಇಂಜಿನಿಯರ್' ಅಂದ ಒಬ್ಬ. ಎರಡು ದಿನ ನೆಲದಿಂದ ಅರ್ಧ ಅಡಿ ಮೇಲೆ ಓಡಾಡ್ಕೊಂಡಿದ್ದೆ. ಮೂರನೇ ದಿನ ನಮ್ಮಪ್ಪ ಫೋನಲ್ಲಿ ಒಂದು ಪ್ರಶ್ನೆ ಕೇಳಿದ. ಆಮೇಲೆ ನಾನು ಬರೆದ ಆ ಒಂದು ಸಾಲಲ್ಲಿ ಖರ್ಚಿನ ಅಂಕಿ ಬಿಟ್ಟರೆ ಬೇರೆ ಯಾವುದೂ ನಿಜ ಅಲ್ಲ ಅಂತ ಗೊತ್ತಾಯ್ತು. ಅಂಕಿಯೂ ಹೆಮ್ಮೆ ಪಡೋ ಅಂಥದ್ದಲ್ಲ ಅಂತಲೂ ಗೊತ್ತಾಯ್ತು.

ಮೊದಲು ಟೇಬಲ್ ಬಗ್ಗೆ ಹೇಳ್ತೀನಿ, ಜಗಳ ಆಮೇಲೆ.

ಇದು ನನ್ನ ಐಡಿಯಾ ಅಲ್ಲ. ಅಮೆರಿಕದ ಬ್ರೂಸ್ ಶಪೀರೋ ಅನ್ನೋ ಕಲಾವಿದ ಇಂಥ ಯಂತ್ರಗಳನ್ನ ಬಹಳ ವರ್ಷದಿಂದ ಮಾಡ್ತಾ ಬಂದವರು. 2016ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ 'ಸಿಸಿಫಸ್' ಅನ್ನೋ ಹೆಸರಲ್ಲಿ ಅದನ್ನ ಮನೆಯ ಟೇಬಲ್ ಮಾಡಿ ಜನರ ಮುಂದಿಟ್ಟರು. ಬಂಡೆಯನ್ನ ಬೆಟ್ಟದ ಮೇಲಕ್ಕೆ ಉರುಳಿಸ್ತಾ, ಅದು ಕೆಳಗೆ ಬಿದ್ದಾಗಲೆಲ್ಲ ಮತ್ತೆ ಉರುಳಿಸೋ ಶಾಪ ಹೊತ್ತ ಗ್ರೀಕ್ ಪುರಾಣದ ರಾಜನ ಹೆಸರು ಅದು. ಕೂರುವ ಕೋಣೆಗೆ ಇಡೋ ಗಾತ್ರದ ಟೇಬಲ್ ಬೇಕು ಅಂದ್ರೆ ಸಾವಿರ ಡಾಲರ್‌ಗೂ ಮೇಲೆ. ನನಗೆ ಅದನ್ನ ನೋಡಿದಾಗ ರಾಜ ನೆನಪಾಗಲಿಲ್ಲ. ಬೆಳಗ್ಗೆ ಐದೂವರೆಗೆ ಬಾಗಿಲಿಗೆ ನೀರು ಹಾಕಿ, ನಿನ್ನೆಯ ರಂಗೋಲಿ ಗುಡಿಸಿ, ಇವತ್ತಿನದು ಬಿಡೋ ನಮ್ಮಮ್ಮ ನೆನಪಾದಳು. ಹತ್ತು ಸಾವಿರದೊಳಗೆ ಇದನ್ನ ನಾನೇ ಮಾಡ್ತೀನಿ ಅಂತ ಹಠಕ್ಕೆ ಬಿದ್ದೆ.

ಯಂತ್ರದ ಗುಟ್ಟು ಸರಳ. ಮೇಜಿನ ಹೊಟ್ಟೆಯೊಳಗೆ ಗಡಿಯಾರದ ಮುಳ್ಳಿನ ಹಾಗೆ ಸುತ್ತೋ ಒಂದು ತೋಳು. ತೋಳಿನ ಮೇಲೆ ಒಳಗೂ ಹೊರಗೂ ಜಾರೋ ಒಂದು ಗಾಡಿ. ಗಾಡಿಯ ತಲೆ ಮೇಲೆ ಆಯಸ್ಕಾಂತ. ಅದರ ಮೇಲೆ ತೆಳು ಹಲಗೆ, ಹಲಗೆ ಮೇಲೆ ಪುಡಿ, ಪುಡಿಯಲ್ಲಿ ಗುಂಡು. ಆಯಸ್ಕಾಂತ ಹೋದ ಕಡೆ ಗುಂಡು ಹಿಂಬಾಲಿಸುತ್ತೆ. ತೋಳಿಗೊಂದು ಮೋಟರ್, ಗಾಡಿಗೊಂದು ಮೋಟರ್. ಎರಡೂ ಸ್ಟೆಪ್ಪರ್ ಮೋಟರ್. ಅಂದರೆ ಒಂದು ಸುತ್ತನ್ನ 200 ಹೆಜ್ಜೆ ಮಾಡಿ ತಿರುಗೋ ಮೋಟರ್. ಡ್ರೈವರ್ ಚಿಪ್ ಪ್ರತಿ ಹೆಜ್ಜೆಯನ್ನೂ ಹದಿನಾರು ಚೂರು ಮಾಡುತ್ತೆ, ಅಲ್ಲಿಗೆ ಸುತ್ತಿಗೆ 3,200. ಮೂರಡಿ ದೂರದಿಂದ ನೋಡೋ ಕಣ್ಣಿಗೆ ಗೆರೆ ನಯವಾಗಿ ಕಾಣೋಕೆ ಇಷ್ಟು ಧಾರಾಳ ಸಾಕು.

ಎಸ್‌.ಪಿ. ರೋಡಿಗೆ ಹೋಗಿ ಎರಡು ಮೋಟರ್ ತಂದೆ. ತಂದವನಿಗೆ ಮೊದಲ ಕಂಟಕ ಅಲ್ಲೇ. ಮೋಟರಿನಿಂದ ನಾಲ್ಕು ತಂತಿ ಹೊರಗೆ ಬಂದಿವೆ, ಒಳಗೆ ಎರಡು ಕಾಯಿಲ್. ಯಾವ ಎರಡು ತಂತಿ ಒಂದು ಕಾಯಿಲ್‌ನವು? ಮನೇಲಿ ಮೀಟರ್ ಇಲ್ಲ. ಜೋಡಿ ತಪ್ಪಿದ್ರೆ ಮೋಟರ್ ತಿರುಗದೆ ಗುರ್ ಅಂತ ನಡುಗುತ್ತೆ ಅಷ್ಟೆ. ನಡುಗಿತು. ನಾನು ಬಿಇ. ಹನ್ನೆರಡು ವರ್ಷದ ಅನುಭವ. ಕೊನೆಗೆ ಅಪ್ಪನಿಗೆ ಫೋನ್ ಮಾಡಿದೆ.

ಇಲ್ಲಿ ಅಪ್ಪನ ಬಗ್ಗೆ ಹೇಳಬೇಕು. ನಮ್ಮದು ಸಿರಾ ಕಡೆ ಹಳ್ಳಿ. ಬೋರ್‌ವೆಲ್ ನಂಬಿದ ಸೀಮೆ. ಅಪ್ಪ ಹೋಬಳಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ಸುಟ್ಟು ಹೋದ ಪಂಪು ತಂದು ಹಾಕಿದ್ರೆ, ಕರಕಲಾದ ತಾಮ್ರ ಕಿತ್ತು, ಸುತ್ತು ಎಣಿಸಿ, ಹೊಸ ತಂತಿ ಸುತ್ತಿ, ವಾರ್ನಿಷ್ ಹೊಡೆದು ಕೊಡೋನು. ಬೆರಳ ತುದಿಗೆ ಯಾವಾಗಲೂ ಆ ವಾರ್ನಿಷ್ ವಾಸನೆ. ನನ್ನನ್ನ ಅಂಗಡಿ ಒಳಗೆ ಕೂರೋಕೆ ಬಿಡ್ತಿರಲಿಲ್ಲ. 'ಓದ್ಕೋ ಹೋಗು, ಈ ಮಸಿ ನಿನಗ್ಯಾಕೆ' ಅಂತ ಓಡಿಸೋನು. ಆ ಮಸಿ ನನಗೆ ತಾಗಬಾರದು ಅಂತಲೇ ಬಿಇಗೆ ಸೇರಿಸಿದ.

ಫೋನಲ್ಲಿ ಕೇಳಿದ: 'ಒಳಗೆ ಮ್ಯಾಗ್ನೆಟ್ ಐತಾ?'

'ಐತೆ.'

'ಹಂಗಾದ್ರೆ ಯಾವ್ದಾದ್ರೂ ಎರಡು ತಂತಿ ಸೇರಿಸಿ ಹಿಡಿ. ಇನ್ನೊಂದು ಕೈಲಿ ಶಾಫ್ಟ್ ತಿರುಗಿಸು. ಬಿಗಿಯಾಯ್ತಾ, ಅದೇ ಜೋಡಿ. ಸಲೀಸಾಗಿ ತಿರುಗ್ತಾ, ಬೇರೆ ತಂತಿ ಹಿಡಿ.'

ಹಿಡಿದೆ. ಎರಡನೇ ಸಲಕ್ಕೆ ಶಾಫ್ಟ್ ಬಿಗಿಯಾಯ್ತು. ಅಪ್ಪ ತನ್ನ ಜೀವಮಾನದಲ್ಲಿ ಸ್ಟೆಪ್ಪರ್ ಮೋಟರ್ ನೋಡಿಲ್ಲ.

ಮುಂದಿನದು ಲೇತ್ ಕೆಲಸ. ತೋಳು ಸುತ್ತೋಕೆ ನಡುವೆ ಒಂದು ಅಲ್ಯೂಮಿನಿಯಂ ಹಬ್ ಬೇಕು. ಹೊರಗೆ ದೊಡ್ಡ ಬೇರಿಂಗ್ ಕೂರಬೇಕು, ಒಳಗೆ ಚಿಕ್ಕದು, ಅದರ ನಡುವೆ ಗಾಡಿಯನ್ನ ಎಳೆಯೋ ಶಾಫ್ಟ್ ಹಾದು ಹೋಗಬೇಕು. ಕಂಪ್ಯೂಟರಲ್ಲಿ ಚಂದಾಗಿ ಡ್ರಾಯಿಂಗ್ ಮಾಡಿ, ಪ್ರಿಂಟ್ ತಗೊಂಡು ಪೀಣ್ಯದ ಒಂದು ಶೆಡ್ಡಿಗೆ ಹೋದೆ. ಲೇತ್ ಮುಂದೆ ನಿಂತಿದ್ದವರು ಕೈ ಒರೆಸ್ಕೊಂಡು ಹಾಳೆ ನೋಡಿದ್ರು.

'ಒಳಗೆ 22 ಅಂತ ಬರೆದಿದ್ದೀರ. ಬೇರಿಂಗು 22. ಟೈಟಾಗಿ ಕೂರಬೇಕಾ, ಜಾರಬೇಕಾ ಸಾರ್?'

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ತಲೆಯಲ್ಲಿ 22 ಅಂದ್ರೆ 22. ಅವರ ಕೈಯಲ್ಲಿ 22 ಅಂದ್ರೆ ಒಂದೆರಡು ಕೂದಲೆಳೆ ಹೆಚ್ಚು ಕಮ್ಮಿ, ಆ ಹೆಚ್ಚು ಕಮ್ಮಿಯಲ್ಲೇ ಯಂತ್ರ ಇರೋದು. ಹೆಚ್ಚಾದ್ರೆ ತೋಳು ಗಡಗಡ ಅಲ್ಲಾಡುತ್ತೆ, ಕಮ್ಮಿಯಾದ್ರೆ ಬೇರಿಂಗ್ ಉಸಿರುಗಟ್ಟುತ್ತೆ. ಮೊದಲ ವರ್ಷದ ಬಿಇಯಲ್ಲಿ ಎಲಿಮೆಂಟ್ಸ್ ಆಫ್ ಮೆಕ್ಯಾನಿಕಲ್ ಇಂಜಿನಿಯರಿಂಗ್ ಅಂತ ಒಂದು ಪೇಪರ್ ಇತ್ತು. ಅದರಲ್ಲಿ ಲೇತಿನ ಚಿತ್ರ ಬರೆದು, ಭಾಗ ಗುರುತಿಸಿ, ಎಂಬತ್ತರ ಮೇಲೆ ಅಂಕ ತಗೊಂಡವನು ನಾನು. ವರ್ಕ್‌ಶಾಪ್ ಲ್ಯಾಬಲ್ಲಿ ಅರ ಹಾಕಿ ಜೋಡಿಸಬೇಕಿದ್ದ ಕಬ್ಬಿಣದ ತುಂಡನ್ನ ಸೀನಿಯರ್ ಹತ್ತಿರ ತಗೊಂಡು ತೋರಿಸಿ ಪಾಸಾದವನೂ ನಾನೇ.

ಅವರೇ ತೀರ್ಮಾನ ಮಾಡಿದ್ರು, 'ಟೈಟ್ ಮಾಡಿಕೊಡ್ತೀನಿ, ಮರದ ಸುತ್ತಿಗೆಯಲ್ಲಿ ಮೆತ್ತಗೆ ತಟ್ಟಿ.' ಎಂಟುನೂರು ಕೇಳಿದ್ರು, ಲೋಹ ಅವರದೇ. ನಾನು ಐನೂರಕ್ಕೆ ಇಳಿಸಿದೆ.

ಆಮೇಲೆ ಕಾರ್ಪೆಂಟರ್. ನಾನು ಪ್ಲೈವುಡ್ ತಗೊಂಡು ಹೋಗಿದ್ದೆ, ಹನ್ನೆರಡು ಮಿಲಿಮೀಟರಿಂದು, ಗಟ್ಟಿಯಾಗಿರಲಿ ಅಂತ. ಅವರು ಹಲಗೆ ಎತ್ತಿ, ಒಂದು ಕಣ್ಣು ಮುಚ್ಚಿ, ಅಂಚಿನ ಉದ್ದಕ್ಕೂ ನೋಡಿ, 'ಇದು ನಡುವೆ ಬಾಗಿದೆ ಸಾರ್' ಅಂದ್ರು. ಕೆಳಗಿಂದ ಮ್ಯಾಗ್ನೆಟ್ ಎಳೀಬೇಕು ಅಂತ ವಿವರಿಸಿದಾಗ ನಕ್ಕರು. 'ಇಷ್ಟು ದಪ್ಪ ಇಟ್ರೆ ಎಲ್ಲಿ ಎಳೆಯುತ್ತೆ? ನಾಲ್ಕು ಎಂಎಂ ಹಾಕಿ, ಸುತ್ತ ರಿಂಗು ಕೊಟ್ಟು ಬಿಗಿ ಮಾಡ್ತೀನಿ.' ಅವರು ಹೇಳಿದ್ದೇ ಸರಿ. ಅವರು ಸಾವಿರ ಕೇಳಿದ್ರು, ನಾನು ಏಳುನೂರು ಕೊಟ್ಟೆ.

ಪುಡಿಯದು ಇನ್ನೊಂದು ಕಥೆ. ಅಂಗಡಿಯಿಂದ ತಂದ ರಂಗೋಲಿ ಪುಡಿ ಗಂಟು ಗಂಟಾಗಿ ಗುಂಡು ಅಲ್ಲಲ್ಲೇ ಎಡವುತ್ತಿತ್ತು. 'ಜರಡಿ ಹಿಡಿದು, ಎರಡು ದಿನ ಬಿಸಿಲಿಗೆ ಹಾಕೋ, ಅಷ್ಟೂ ತಿಳಿಯಲ್ವಾ' ಅಂದಳು ಅಮ್ಮ. ಅದೂ ಸರಿಹೋಯ್ತು.

ಹಾಗಾದ್ರೆ ನಾನು ಮಾಡಿದ್ದೇನು? ಹೇಳ್ತೀನಿ. ಮೊದಲ ಸಲ ಶುರು ಮಾಡಿ ವೃತ್ತ ಬರೆ ಅಂದ್ರೆ ಯಂತ್ರ ಚಕ್ಕುಲಿ ಬರೀತು. ತೋಳು ಒಂದು ಸುತ್ತು ಬಂದಾಗ ಗಾಡಿಯ ಬೆಲ್ಟು ನಡುವಿನ ಪುಲ್ಲಿಗೆ ತಾನೂ ಒಂದು ಸುತ್ತು ಸುತ್ತಿಕೊಳ್ಳುತ್ತೆ; ಇಪ್ಪತ್ತು ಹಲ್ಲಿನ ಪುಲ್ಲಿ, ಹಲ್ಲಿಗೆ ಎರಡು ಮಿಲಿಮೀಟರ್, ಅಂದ್ರೆ ಗುಂಡು ನಲವತ್ತು ಮಿಲಿಮೀಟರ್ ಸರಿದು ಹೋಗುತ್ತೆ. ಆ ನಲವತ್ತನ್ನ ಲೆಕ್ಕ ಹಾಕಿ ಕಳೆಯೋ ಒಂದು ಸಾಲು ಕೋಡ್ ಬರೆದೆ. ವೃತ್ತ ಬಂತು. ತಂತಿ ಜೋಡಿಸೋದು, ಬೋಲ್ಟು ಬಿಗಿಸೋದು, ಬೆಲ್ಟು ಎಳೆಯೋದು ಬಿಟ್ಟರೆ ನನ್ನ ವಿದ್ಯೆಯಿಂದ ಬಂದದ್ದು ಆ ಒಂದು ಕಳೆಯೋ ಲೆಕ್ಕ.

ಮೋಟರ್ ಓಡಿಸೋ ತಂತ್ರಾಂಶವೂ ನನ್ನದಲ್ಲ. ಅದರ ಹೆಸರು ಜಿಆರ್‌ಬಿಎಲ್. ನಾರ್ವೆಯ ಸಿಮೆನ್ ಸ್ವಾಲೆ ಸ್ಕಾಗ್ಸ್ರುಡ್ ಅನ್ನೋರು 2009ರಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. 32 ಕಿಲೋಬೈಟ್ ಜಾಗ ಇರೋ ಆರ್ಡುಯಿನೋ ಚಿಪ್ಪಲ್ಲಿ ಅದು ಕೂರುತ್ತೆ. ಕಾಸು ಬೇಡ. ಕೇಳೋದು ಇಷ್ಟೇ: ಇದನ್ನ ನೀನು ಬದಲಾಯಿಸಿ ಇನ್ನೊಬ್ಬರಿಗೆ ಕೊಡೋದಾದ್ರೆ, ಬರೆದವರ ಹೆಸರನ್ನ ಮೇಲಿಂದ ಅಳಿಸಬೇಡ, ಕೋಡನ್ನ ಮುಚ್ಚಿಡಬೇಡ. ನಮ್ಮ ಕಸುಬಿನಲ್ಲಿ ಇದು ಧರ್ಮ ಇದ್ದ ಹಾಗೆ. ಯಾರಾದ್ರೂ ಆ ಹೆಸರು ತೆಗೆದು ತನ್ನದು ಹಾಕ್ಕೊಂಡ್ರೆ ನಾವೆಲ್ಲ ಸೇರಿ ಅವನ ಮಾನ ಕಳೀತೀವಿ.

ಇಷ್ಟೆಲ್ಲ ಆಗಿ, ವಿಡಿಯೋ ಹಾಕಿ, ಚಪ್ಪಾಳೆ ಹೊಡೆಸ್ಕೊಂಡು, ಮೂರನೇ ದಿನ ಅಪ್ಪನಿಗೆ ಲೆಕ್ಕ ಹೇಳಿದೆ. ಅಪ್ಪ ಕೇಳಿದ ಪ್ರಶ್ನೆ ಇದು:

'ಸಾಮಾನಿಗೆಷ್ಟು, ಕೂಲಿಗೆಷ್ಟು?'

ಅಪ್ಪನ ಅಂಗಡಿ ಪುಸ್ತಕದಲ್ಲಿ ಎರಡೇ ಕಲಂ ಇರ್ತಿತ್ತು, ಸಾಮಾನು ಮತ್ತು ಕೂಲಿ. ನಾನು ಓದಿದೆ. ಮೋಟರ್ 1,500. ಆರ್ಡುಯಿನೋ, ಶೀಲ್ಡು, ಡ್ರೈವರ್ ಸೇರಿ 900. ಪವರ್ ಸಪ್ಲೈ 400. ಬೆಲ್ಟು, ಪುಲ್ಲಿ 700. ರಾಡು, ಬೇರಿಂಗು 1,600. ಮ್ಯಾಗ್ನೆಟ್ಟು, ಗುಂಡು 350. ಎಲ್‌ಇಡಿ ಪಟ್ಟಿ 300. ಪ್ಲೈವುಡ್ 1,400. ಗಾಜು 900. ಪುಡಿ 150. ಸಾಮಾನು 8,200. ಲೇತಿಗೆ 500, ಮರಗೆಲಸಕ್ಕೆ 700. ಎಂಟುನೂರು ಕೇಳಿದ್ರು ಐನೂರಕ್ಕೆ ತಂದೆ, ಸಾವಿರ ಕೇಳಿದ್ರು ಏಳುನೂರು ಮಾಡಿಸಿದೆ ಅಂತ ಜಂಬದಿಂದಲೇ ಹೇಳಿದೆ.

'ಮೋಟರಿನೋನ ಹತ್ರ ಎಷ್ಟು ಇಳಿಸ್ದೆ?'

'ಅದು ಫಿಕ್ಸೆಡ್ ರೇಟ್ ಅಪ್ಪಾ.'

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ನೀನೂ ಹಂಗೇ ಮಾಡ್ದೇನ್ಲಾ' ಅಂದ. ಬೈದಿದ್ದಲ್ಲ. ಮಳೆ ಬರಲಿಲ್ವಾ ಅಂತ ಕೇಳೋ ದನಿಯಲ್ಲಿ ಕೇಳಿದ.

ಹಂಗೇ ಅಂದ್ರೆ ಹೆಂಗೆ ಅಂತ ನನಗೆ ಗೊತ್ತು. ಅಂಗಡಿ ಮುಂದೆ ನಿಂತು ನೋಡಿದ್ದೀನಿ. ಪಂಪು ರಿಪೇರಿ ಆದ ಮೇಲೆ ಬಂದವರು ತಾಮ್ರದ ತಂತಿ ದುಡ್ಡನ್ನ ಪಿಟಕ್ ಅನ್ನದೆ ಎಣಿಸೋರು. 'ತಂತಿ ಸರಿಯಪ್ಪ, ಸುತ್ತಿದ್ದಕ್ಕೆ ಇಷ್ಟ್ಯಾಕೆ? ಕೂತ್ಕೊಂಡ್ ಸುತ್ತಿದ್ದೀಯ ತಾನೆ?' ಅನ್ನೋರು. ಎರಡು ರಾತ್ರಿ ಕಣ್ಣು ಕಿತ್ತು ಕೂತಿದ್ದು ಲೆಕ್ಕಕ್ಕೇ ಇಲ್ಲ. ಆ ಕಲಂನಲ್ಲಿ ಕಡಿಮೆ ಆದ ದುಡ್ಡೇ ನಮ್ಮ ಮನೆಯಲ್ಲಿ ಕಡಿಮೆ ಆಗ್ತಿದ್ದ ದುಡ್ಡು. ಅದರಲ್ಲಿ ಉಳಿದದ್ದರಲ್ಲೇ ನನ್ನ ಫೀಸು ಕಟ್ಟಿದ್ದು. ಆ ಫೀಸಿಂದ ಇಂಜಿನಿಯರ್ ಆದವನು ಪೀಣ್ಯದ ಶೆಡ್ಡಲ್ಲಿ ನಿಂತು ಅದೇ ಮಾತನ್ನ ಸ್ವಲ್ಪ ಮರ್ಯಾದೆಯಾಗಿ ಆಡಿ ಬಂದಿದ್ದೆ.

ಈಗ ಜಗಳ.

ಸ್ಕ್ರೀನ್ ಮೇಲೆ ಇರೋ ಬೆಲೆ ನಮಗೆ ದೇವರ ಬೆಲೆ. ಮನುಷ್ಯ ಬಾಯಲ್ಲಿ ಹೇಳಿದ ಬೆಲೆ ಮಾತ್ರ ಚೌಕಾಸಿಯದು. ಬೇರಿಂಗಿಗೆ ಚೌಕಾಸಿ ಮಾಡಲ್ಲ, ಬೇರಿಂಗ್ ಕೂರಿಸೋ ಕೈಗೆ ಮಾಡ್ತೀವಿ. ನಾರ್ವೆಯವರ ಹೆಸರನ್ನ ಅಕ್ಷರ ತಪ್ಪದೆ ಬರೀತೀನಿ, ಮನೆಯಿಂದ ಮೂರು ಕಿಲೋಮೀಟರ್ ದೂರದ ಲೇತ್‌ನವರ ಹೆಸರನ್ನ ನಾನು ಕೇಳಿರಲೇ ಇಲ್ಲ. ಕೋಡ್ ಬರೆದವನ ಹೆಸರು ಅಳಿಸಿದ್ರೆ ಕಳ್ಳತನ ಅಂತ ಕೂಗೋ ನಾವು, ಲೋಹ ಕಡೆದವರ ಹೆಸರು ಅಳಿಸಿ 'ನಾನೇ ಮಾಡಿದ್ದು' ಅಂತ ಹಾಕ್ಕೊಳ್ತೀವಿ. ಅದಕ್ಕೆ ಇಂಗ್ಲಿಷಲ್ಲಿ ಮೂರಕ್ಷರದ ಚಂದದ ಹೆಸರು ಬೇರೆ, ಡಿಐವೈ. ಆಯುಧಪೂಜೆ ದಿನ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು ಫೋಟೋ ತೆಗೆಸ್ಕೊಳ್ಳೋ ಜನ ನಾವು. ಆಯುಧಕ್ಕೆ ಪೂಜೆ, ಆಯುಧ ಹಿಡಿದ ಕೈಗೆ ಡಿಸ್ಕೌಂಟು.

ನೀವು ಹೇಳೋದು ನನಗೆ ಕೇಳಿಸ್ತಿದೆ.

'ಅವರು ಹೆಂಗೂ ಇಳಿಸ್ತಾರೆ ಅಂತ ಹೆಚ್ಚಿಗೇ ಹೇಳಿರ್ತಾರೆ ಗುರು.' ಇರಬಹುದು. ಯಾಕೆ ಹಾಗೆ ಹೇಳೋದು ಕಲಿತರು? ನಾವು ಹೆಂಗೂ ಇಳಿಸ್ತೀವಿ ಅಂತ. ನಾವು ಸಂಬಳ ಮಾತಾಡುವಾಗ ಏನು ಮಾಡ್ತೀವಿ ಸ್ವಾಮಿ? ಶೇಕಡಾ ನಲವತ್ತು ಕೇಳಿದ್ರೆ ಇಪ್ಪತ್ತೈದಾದ್ರೂ ಸಿಗುತ್ತೆ ಅಂತ ತಾನೆ? ಅದಕ್ಕೆ ನೆಗೋಷಿಯೇಷನ್ ಅಂತೀವಿ, ಅವರು ಮಾಡಿದ್ರೆ ಟೋಪಿ ಅಂತೀವಿ.

'ಅವರು ಹೇಳಿದ ದಿನ ಕೊಡಲ್ಲ.' ನಿಜ. ಕಾರ್ಪೆಂಟರ್ ನಾಲ್ಕು ದಿನ ತಡ ಮಾಡಿದ್ರು. ಹೋದ ವರ್ಷ ನಮ್ಮ ಟೀಮಿನ ರಿಲೀಸು ಏಳು ವಾರ ತಡವಾಯ್ತು. ನನ್ನ ಸಂಬಳದಲ್ಲಿ ಒಂದು ರೂಪಾಯಿ ಹಿಡಿಯಲಿಲ್ಲ. ಬಿಡುಗಡೆಯಾದ ದಿನ ಕೇಕ್ ಕತ್ತರಿಸಿದ್ರು.

'ಅವರು ಒಪ್ಪಿಯೇ ತಾನೆ ಮಾಡಿದ್ದು?' ಒಪ್ಪಿದ್ರು. ನಮ್ಮಪ್ಪನೂ ಪ್ರತಿ ಸಲ ಒಪ್ಪಿದ್ದ. ಪಕ್ಕದಲ್ಲಿ ಇನ್ನೊಂದು ಅಂಗಡಿ ಇತ್ತು, ಅದಕ್ಕೆ ಒಪ್ಪಿದ್ದ.

'ಹಳೇ ಕಾಲವೇ ಚೆನ್ನಾಗಿತ್ತು ಅಂತೀಯಾ?' ಖಂಡಿತ ಇಲ್ಲ. ನಮ್ಮೂರಲ್ಲಿ ಬಡಗಿ, ಕಮ್ಮಾರ ಆಯಗಾರರು. ಸುಗ್ಗಿಯಲ್ಲಿ ಕಣದ ಹತ್ತಿರ ಬಂದು ನಿಂತು ಕಾಳು ಅಳೆಸ್ಕೋಬೇಕಿತ್ತು. ಕೈಕೆಲಸಕ್ಕೆ ಜಾತಿ ಇತ್ತು, ಆ ಜಾತಿಗೆ ನಿಲ್ಲೋ ಜಾಗವೂ ಇತ್ತು. ಅದನ್ನ ಬಿಟ್ಟು ಬಂದಿದ್ದೀವಿ ಅಂದ್ಕೊಂಡು ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಕಟ್ಕೊಂಡ್ವಿ. ಕೈ ಮಸಿಯಾದವನ ಬೆಲೆ ಇಳಿಸಬಹುದು ಅನ್ನೋ ನಂಬಿಕೆಯನ್ನ ಮಾತ್ರ ಸಾಮಾನಿನ ಜೊತೆ ಲಾರಿಯಲ್ಲಿ ತಂದಿದ್ದೀವಿ.

ಮನೆಯಲ್ಲಿ ಏನಾದ್ರೂ ಮಾಡೋದು ಬಿಡಿ ಅಂತ ನಾನು ಹೇಳ್ತಿಲ್ಲ. ಮಾಡಿ. ಈ ಟೇಬಲ್ಲೇ ಮಾಡಿ, ಬೇಕಾದ್ರೆ ನನ್ನ ಒಂದು ಸಾಲು ಕೋಡ್ ಕೊಡ್ತೀನಿ. ಎಸ್‌.ಪಿ. ರೋಡಲ್ಲಿ ಅಲೆದಾಡಿ, ಬೆರಳು ಸುಟ್ಕೊಳ್ಳಿ, ಪ್ಲೈವುಡ್ ಬಾಗಿದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡೋದು ಕಲೀರಿ. ಒಂದು ಬೇರಿಂಗ್ ಕೂರಿಸಿದವನಿಗೆ ಬೇರಿಂಗ್ ಕೂರಿಸೋದು ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ಗೊತ್ತಾಗಬೇಕು. ಗೊತ್ತಾದ ಮೇಲೂ ಮುನ್ನೂರು ಇಳಿಸಿದ್ರೆ, ಅದು ಅಜ್ಞಾನ ಅಲ್ಲ, ಚಟ.

ಚಟ ಅಂತ ಯಾಕಂದೆ ಅಂದ್ರೆ, ಲೆಕ್ಕ ಮತ್ತೆ ಕೂಡಿಸಿ ನೋಡಿದೆ. ಲೇತಿನಲ್ಲಿ ಮುನ್ನೂರು, ಮರದಲ್ಲಿ ಮುನ್ನೂರು, ಒಟ್ಟು ಆರುನೂರು ಉಳಿಸಿದ್ದೆ. 9,400ಕ್ಕೆ ಆ 600 ಸೇರಿಸಿದ್ರೆ ಸರಿಯಾಗಿ ಹತ್ತು ಸಾವಿರ. ನನ್ನ ಬಜೆಟ್ಟೇ ಅದು. ಇಬ್ಬರೂ ಕೇಳಿದ್ದನ್ನ ಕೊಟ್ಟಿದ್ರೂ ನನ್ನ ಹಠ ಗೆಲ್ತಿತ್ತು. ಆ ಆರುನೂರು ನನಗೆ ಬೇಕಾಗಿಯೇ ಇರಲಿಲ್ಲ. ಕೈ ಕೆಳಗಿದೆ ಅಂತ ಒತ್ತಿದೆ, ಅಷ್ಟೆ.

ಆ ಶನಿವಾರ ಇಬ್ಬರ ಹತ್ತಿರಾನೂ ಹೋದೆ. ಕಾರ್ಪೆಂಟರ್ ಮುನ್ನೂರು ಇಸ್ಕೊಂಡು, ನನ್ನನ್ನೊಮ್ಮೆ ವಿಚಿತ್ರವಾಗಿ ನೋಡಿ, ಟೀ ಕುಡಿಸಿದ್ರು. ಲೇತ್‌ನವರು ದುಡ್ಡು ಜೇಬಿಗೆ ಹಾಕ್ಕೊಂಡು, 'ಮುಂದಿನ ಸಲ ಡ್ರಾಯಿಂಗಲ್ಲಿ ಫಿಟ್ಟು ಬರ್ಕೊಂಡ್ ಬನ್ನಿ ಸಾರ್, ಇಬ್ಬರಿಗೂ ಟೈಮ್ ಉಳಿಯುತ್ತೆ' ಅಂದ್ರು. ಹೆಸರು ಕೇಳಿದೆ, ಹೇಳಿದ್ರು. ವಿಡಿಯೋ ಕೆಳಗೆ ಹಾಕ್ಲಾ ಅಂದೆ. ಬೇಡವೇ ಬೇಡ ಅಂದ್ರು. ನನ್ನ ಹಬ್ಬು ಅವರು ಊಟದ ಹೊತ್ತಲ್ಲಿ ಮಾಡಿದ್ದಂತೆ. ಮಾಲೀಕರಿಗೆ ಗೊತ್ತಾದ್ರೆ ಕಷ್ಟ. ನಾನು ಚೌಕಾಸಿ ಮಾಡಿದ್ದು ಅವರ ಊಟದ ಅರ್ಧ ಗಂಟೆಗೆ.

ಅದಕ್ಕೇ ಇಲ್ಲಿ ಅವರ ಹೆಸರಿಲ್ಲ. ಟೇಬಲ್ ತಲೆಕೆಳಗು ಮಾಡಿ, ತಳದ ಹಲಗೆ ಮೇಲೆ ಮಾರ್ಕರಿನಲ್ಲಿ ಬರೆದಿದ್ದೀನಿ: ಲೇತ್ ಇವರದು, ಮರ ಇವರದು, ಕೋಡ್ ಇವರದು, ತಂತಿ ಜೋಡಿ ಅಪ್ಪನದು, ಪುಡಿ ಅಮ್ಮನದು. ಕೊನೆಯಲ್ಲಿ, ನಲವತ್ತು ಕಳೆದದ್ದು ನನ್ನದು.

ವಿಡಿಯೋ ಕೆಳಗಿನ ಸಾಲನ್ನೂ ತಿದ್ದಿದ್ದೀನಿ. ಈಗ ಎರಡು ಕಲಂ ಇದೆ: ಸಾಮಾನು 8,200, ಕೂಲಿ 1,800. ನೀವು ಮನೆಯಲ್ಲಿ ಏನು ಮಾಡಿದ್ರೂ, ಎಷ್ಟು ಕಡಿಮೆಯಲ್ಲಿ ಮಾಡಿದೆ ಅಂತ ಹೇಳ್ಕೊಳ್ಳೋ ಮೊದಲು ಆ ಎರಡನೇ ಕಲಂ ಬರೀರಿ. ಬರೆಯೋಕೆ ನಾಚಿಕೆ ಆದ್ರೆ, ಯಾರ ಹತ್ತಿರ ಇಳಿಸಿದ್ರೋ ಅವರ ಅಂಗಡಿ ಶನಿವಾರಾನೂ ತೆಗೆದಿರುತ್ತೆ.